ಬೂದಿ ಹಾಸಿನ ಓಬಣ್ಣ
ಹೊನ್ನಾಳಿಯ ನ್ಯಾಮತಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಓಬಣ್ಣ ದಿನಾ ಬೆಳಿಗ್ಗೆ ಎದುರು ಮನೆಯ ನಮ್ಮ ಒಲೆಯಿಂದ ಒಂದು ಪುಟ್ಟಿ ಬೂದಿ ಒಯ್ಯುತ್ತಿದ್ದ. ಎರಡು ಸಲ ಜರಡಿ ಹಿಡಿದೇ ಕೊಡುತ್ತಿದ್ದೆ. ಗ್ಯಾರೇಜಿನ ಅಂಗಳದುದ್ದಕ್ಕೂ ಅವನು ಅದನ್ನು ಉದುರಿಸಿದರೆ ಎಳೆಬಿಸಿಲಿನಲ್ಲಿ ನೆಲವೇ ಹೊಳೆಯ ಮೇಲಿನ ಮಂಜಿನ ಹಾಗೆ ತೇಲುತ್ತಿತ್ತು. ಏಡಿಯಂತೆ ಓರೆಯಾಗಿ ಓಡುವ ಜೀಪುಗಳನ್ನು ಅದರ ಮೇಲೆ ಮೆಲ್ಲಗೆ ಉರುಳಿಸಿ, ಕುಕ್ಕರಗಾಲಲ್ಲಿ ಕೂತು ಗಾಲಿಯ ಅಚ್ಚು ಓದುತ್ತಿದ್ದ. "ಮುಂದಿನ ಗಾಲಿ ಹೋದ ದಾರ್ಯಾಗೆ ಹಿಂದಿಂದು ಬರ್ತಿಲ್ಲ ಕಣ್ರೀ, ಒಂದೂವರೆ ಬೆರಳು ಮುನಿಸೈತೆ," ಎನ್ನುತ್ತಿದ್ದ. ಆಮೇಲೆ ದಾವಣಗೆರೆಯಿಂದ ತಂದ ಸ್ಪ್ರಿಂಗ್ ಪಟ್ಟಿಯನ್ನು ಕಿವಿಗಿಟ್ಟು ಬಡಿದು, ಪಟ್ಟಿಯ ತುದಿಗೆ ಕೂರಿಸುವ ರಬ್ಬರ್ ಬುಷ್ಷನ್ನು ಮೂಸಿ, ಮಗಳಿಗೆ ಗಂಡು ನೋಡುವವರ ಹಾಗೆ ಹೊತ್ತುಗಟ್ಟಲೆ ನೋಡುತ್ತಿದ್ದ. "ಕಂಪನಿ ಮಾಲಲ್ಲ, ಹೊರಗಿಂದು. ಹೊಂದ್ಕೊಳ್ತೈತೇನೋ ಮಾರಾಯ?" ಎಂದು ಡ್ರೈವರ್ ರೇವಣ್ಣ ಕೆಣಕಿದರೆ, "ಹೊರಗಿಂದನ್ನ ಬಲವಂತದಾಗೆ ಬಡಿದ್ರೆ ಮುರೀತೈತೆ. ಕಾಯ್ಬೇಕು, ತಾನೇ ಕೂತ್ಕೊಳ್ತೈತೆ," ಎಂಬುದೇ ಉತ್ತರ. ಗ್ಯಾರೇಜಿನ ಹಿಂದಿನ ಮನೆಯಲ್ಲೂ ಹಾಗೇ ಕಾಯುತ್ತಿದ್ದ. ಅವನು ಉಡಿಕೆ ಮದುವೆ ಮಾಡಿಕೊಂಡ ಗಿಡ್ಡಮ್ಮನಿಗೆ ಮೊದಲ ಗಂಡನಿಂದ ಹುಟ್ಟಿದ ಎಂಟು ವರ್ಷದ ಅಂಜಮ್ಮ, ಎರಡು ವರ್ಷವಾದರೂ ಅವನನ್ನು ಅಪ್ಪ ಎಂದಿರಲಿಲ್ಲ; ಬೂದಿಯನ್ನೂ ಸುತ್ತಿ ಬಳಸಿಯೇ ಶಾಲೆಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ರೇವಣ್ಣ ಜೀಪು ತಂದಾಗ ಓಬಣ್ಣ ಎರಡೂ ಕೈ ಚಾಚಿ ಅಡ್ಡ ನಿಂತ. "ತಡೀರಿ, ಇವತ್ತು ಗಾಡಿ ಬ್ಯಾಡ." ನಾನೂ ಹೋಗಿ ಬಗ್ಗಿ ನೋಡಿದೆ. ಬೂದಿಯ ಮೇಲೆ ಅವನ ಬರಿಗಾಲಿನ ದೊಡ್ಡ ಹೆಜ್ಜೆಗಳಿದ್ದವು. ಒಂದೊಂದರ ಒಳಗೂ, ಒಂದು ಬೆರಳೂ ಆಚೀಚೆ ಆಗದೆ, ಹಾರಿ ಹಾರಿ ಇಟ್ಟ ಅಂಜಮ್ಮನ ಪುಟ್ಟ ಹೆಜ್ಜೆ ಇತ್ತು.