ನೆಲ್ಲಿಕಾಯಿ ಪಾಕ, ತೊಗರಿಯ ಹರಳು

ನನ್ನ ಮೊಮ್ಮಗಳ ಹರಳುಗಳನ್ನು ನಾನು ಉಳಿಸಲಿಲ್ಲ. ಒಂದನ್ನು ಕೊಂದೆ, ಅಷ್ಟೇ. ನಮ್ಮ ಓಣಿಯ ಮಾಸ್ತರರು ಮಾತ್ರ ಅಜ್ಜಿಯ ಪಾಕದಿಂದ ವಿಜ್ಞಾನ ಗೆದ್ದಿತು ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಾರೆ. ಇವತ್ತು ನೆಲ್ಲಿಕಾಯಿ ಮುರಬ್ಬಕ್ಕೆ ಸಕ್ಕರೆ ಪಾಕ ಕುದಿಯಲು ಇಟ್ಟಿದ್ದೆ. ವಾಸನೆ ಹಿಡಿದು ಬಂದು ಮತ್ತೆ ಅದೇ ಕತೆ ತೆಗೆದರು. ಅವರಿಗೆ ಮುರಬ್ಬ ಬೇಕು, ಕತೆ ಬರೀ ನೆಪ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ನಿಮಗಾದರೂ ಖರೆ ಹೇಳಿಬಿಡುತ್ತೇನೆ.

ಮೊಮ್ಮಗಳು ಸುನಂದಾ ಹೈದರಾಬಾದಿನಲ್ಲಿ ತೊಗರಿ ಓದುತ್ತಾಳೆ. ನಗಬೇಡಿ, ಅದೂ ಒಂದು ಓದು. ತೊಗರಿಕಾಳಿನಲ್ಲಿ ಒಂದು ಪ್ರೋಟೀನು ಇದೆಯಂತೆ, ಅದನ್ನು ತಿಂದ ಹುಳಕ್ಕೆ ಉಂಡದ್ದು ಅರಗುವುದಿಲ್ಲವಂತೆ. ಕಾಲುವೆ ಬಂದ ಮೇಲೆ ನಮ್ಮ ಶಹಾಪುರದ ಸುತ್ತ ಎಲ್ಲರೂ ಭತ್ತಕ್ಕೆ ಬಿದ್ದರು. ಹಾಗಾಗಿ ಬಳಿಚಕ್ರದ ನನ್ನ ತಮ್ಮನ ಹೊಲದಿಂದ ಸೇರು ಕಾಳು ಒಯ್ದಳು. ಎರಡು ವರ್ಷದ ಮೇಲೆ ಆ ಪ್ರೋಟೀನನ್ನು ಹರಳುಗಟ್ಟಿಸಿ ಐದು ಹರಳು ತಂದಳು, ಸಾಸಿವೆಗಿಂತ ಸಣ್ಣವು. ಇಂಥ ಇಳುವರಿ ಬಂದಿದ್ದರೆ ನನ್ನ ತಮ್ಮ ಹೊಲ ಬಿಟ್ಟು ಸನ್ಯಾಸಿಯಾಗುತ್ತಿದ್ದ.

ಅಲ್ಲಿ ಯಾರ ಮೇಲೂ ನಂಬಿಕೆಯಿಲ್ಲವೆಂದು ಅವನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಸಂಕ್ರಾಂತಿಗೆ ಮನೆಗೇ ತಂದಿದ್ದಳು. ಹಬ್ಬ ಮುಗಿದ ವಾರವೇ, ಪ್ರೋಟೀನಿನ ಆಕಾರ ತಿಳಿಯಲು, ಅವುಗಳ ಮೇಲೆ ದೊಡ್ಡ ಯಂತ್ರದ ಕಿರಣ ಹಾಯಿಸಬೇಕಿತ್ತು. ಆ ಕಿರಣದ ಪೆಟ್ಟು ತಡೆಯಬೇಕೆಂದರೆ ಹರಳನ್ನು ಮೊದಲು ಸೆಟೆದು ಹೋಗುವಷ್ಟು ತಣ್ಣಗೆ ಮಾಡಬೇಕು. ಆದರೆ ಹರಳಿನ ಹೊಟ್ಟೆಯಲ್ಲಿ ಅರ್ಧ ನೀರೇ. ಅದು ಬರ್ಫವಾದರೆ ಹರಳು ಕೆಟ್ಟಿತು. ಅದಕ್ಕೇ ನೀರನ್ನು ಬರ್ಫವಾಗಗೊಡದೆ ಗಾಜಿನಂತೆ ನಿಲ್ಲಿಸುವ ಏನನ್ನಾದರೂ ಮುಂಚೆಯೇ ಕುಡಿಸಬೇಕು. ಅಂಥವುಗಳ ಪಟ್ಟಿಯೇ ಇದೆಯಂತೆ. ಯಾವುದನ್ನು, ಎಷ್ಟು? ಹುಡುಗಿ ಹೈರಾಣಾಗಿದ್ದಳು. ಒಂದು ಹರಳನ್ನು ಒಮ್ಮೆಲೇ ಗಟ್ಟಿ ಗ್ಲಿಸರಾಲಿನಲ್ಲಿ ಅದ್ದಿ, ಜೊತೆಗೆ ತಂದಿದ್ದ ಸಣ್ಣ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಮೈತುಂಬ ಬಿರುಕು.

"ಇನ್ನ ನಾಕು ಉಳಿದಾವ, ಆಯಿ. ಇವೂ ಹೋದ್ರ ನನ್ನ ಎರಡು ವರ್ಷ ಮಣ್ಣಾತು," ಅಂದಳು. ರೊಟ್ಟಿ ತಟ್ಟೆ ದೂಡಿದಳು.

ಸಕ್ಕರೆ ನಡೆಯುವುದಿಲ್ಲವೇ ಎಂದು ಕೇಳಿದೆ. ನಡೆಯುತ್ತದೆ, ಅದೂ ಪಟ್ಟಿಯಲ್ಲಿದೆ ಅಂದಳು. ಅಷ್ಟು ಸಾಕಾಯಿತು ನನಗೆ. ಮದುವೆಯಾದ ಹೊಸದರಲ್ಲಿ ನಾನು ನೆಲ್ಲಿಕಾಯಿಯನ್ನು ಒಮ್ಮೆಲೇ ಗಟ್ಟಿ ಪಾಕಕ್ಕೆ ಸುರಿದಿದ್ದೆ. ಎಲ್ಲ ಆಡಿನ ಹಿಕ್ಕೆಯ ಹಾಗೆ ಸುಕ್ಕಾದವು. ನಮ್ಮ ಅತ್ತೆ ಅವನ್ನು ಎಸೆಯಲಿಲ್ಲ. ವರ್ಷವಿಡೀ ಬಂದ ಬೀಗರಿಗೆಲ್ಲ ನನ್ನ ಹೆಸರು ಹೇಳಿ ಬಡಿಸಿದಳು. ಮೊದಲ ದಿನ ತೆಳು ಪಾಕ, ಮರುದಿನ ಸ್ವಲ್ಪ ಗಟ್ಟಿ, ಆಮೇಲೆ ಇನ್ನೂ ಗಟ್ಟಿ, ಕಾಯಿಗೆ ಕುಡಿಯಲು ಪುರುಸೊತ್ತು ಕೊಡಬೇಕು ಎಂದು ಆಮೇಲೆ ಕಲಿಸಿದಳು. ಇದನ್ನೆಲ್ಲ ಸುನಂದಾಗೆ ಹೇಳಿದೆ.

"ಇದು ನಮ್ಮ ಪುಸ್ತಕದಾಗೂ ಅದ, ಆಯಿ."

"ಮತ್ತ್ಯಾಕ ಮಾಡ್ಲಿಲ್ಲ?"

"ಅವಸರಿತ್ತು."

ಓದಿದವರ ಕೈಯಲ್ಲೂ ಓದದವರ ಕೈಯಲ್ಲೂ ಕಾಯಿ ಸುಕ್ಕಾಗುವುದು ಒಂದೇ ಕಾರಣಕ್ಕೆ.

ಅಲ್ಲಿಗೆ ಸುಮ್ಮನಾಗಿದ್ದರೆ ನಾನು ದೊಡ್ಡವಳಾಗಿ ಉಳಿಯುತ್ತಿದ್ದೆ. ಆಕೆ ಜಳಕಕ್ಕೆ ಹೋದಾಗ ಮೊದಲ ದಿನದ್ದರಂಥ ತೆಳು ಪಾಕ ಮಾಡಿ, ಅವಳ ಹರಳಿನ ತಟ್ಟೆಯ ಮುಚ್ಚಳ ತೆಗೆದು, ಹರಳಿದ್ದ ಒಂದು ಗುಳಿಯೊಳಗೆ ಅದರ ಒಂದು ಹನಿ ಬಿಟ್ಟೆ. ಮಾಡಿ ತೋರಿಸಿಬಿಡಬೇಕೆಂಬ ಹುಕಿ. ಸೂಕ್ಷ್ಮದರ್ಶಕದ ಗಾಜಿಗೆ ಕಣ್ಣಿಟ್ಟೆ. ಹರಳು ಇತ್ತು. ಅಂಚು ಮೊಂಡಾಯಿತು. ಆಮೇಲೆ ಇರಲಿಲ್ಲ.

ತಲೆ ಒರೆಸಿಕೊಳ್ಳುತ್ತ ಬಂದವಳಿಗೆ ನಾನೇ ಹೇಳಿದೆ, "ಒಂದು ಹೋತು. ನಾನ ಮಾಡೀನಿ."

ಆಕೆ ಅಳಲಿಲ್ಲ, ಕೂಗಲಿಲ್ಲ. "ಅದು ಹುಟ್ಟಿದ ನೀರ ಬ್ಯಾರೆ, ಆಯಿ. ಸಕ್ಕರಿ ಆ ನೀರಾಗ ಕರಗಿಸಬೇಕು. ನಿನ್ನ ಬಾವಿ ನೀರಾಗ ಅದು ನಿಲ್ಲಂಗಿಲ್ಲ," ಅಂದಳು. ತಟ್ಟೆಯನ್ನು ಡಬ್ಬಿಯೊಳಗಿಟ್ಟು, "ಇನ್ನ ಈ ಡಬ್ಬಿ ಮುಟ್ಟಬ್ಯಾಡ," ಅಂದಳು.

ಮಧ್ಯಾಹ್ನ ಹರಳಿನ ನೀರಿನಲ್ಲೇ ಸಕ್ಕರೆ ಕರಗಿಸಿ ತೆಳು, ನಡುವಿನದು, ಗಟ್ಟಿ ಎಂದು ಮೂರು ಮಾಡಿದಳು. ಒಂದು ಹರಳನ್ನು ಒಂದರಿಂದ ಒಂದಕ್ಕೆ ದಾಟಿಸಿದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ, ನಮ್ಮ ಮನೆಯಲ್ಲಿ ಅದೇ ದೊಡ್ಡ ಸುದ್ದಿ. ಬಿರುಕು ಬರಲಿಲ್ಲ. ಸಕ್ಕರೆಯೇ ಸರಿ ಎಂದು ತೀರ್ಮಾನವಾಯಿತು. ಪರೀಕ್ಷೆಗೆ ಒಂದು ಹೋಗಿ, ಎರಡು ಉಳಿದವು.

ಮುಂದೆ ಆ ಎರಡರಲ್ಲಿ ಒಂದು ಯಂತ್ರದ ಮುಂದೆ ನೆಟ್ಟಗೆ ನಿಂತಿತು. ಅದರಿಂದ ಸಿಕ್ಕ ಚಿತ್ರವನ್ನು ಸುನಂದಾ ಫೋನಿಗೆ ಕಳಿಸಿದಳು, ಶಾವಿಗೆ ಚೆಲ್ಲಿದಂತಿದೆ. ಅದಕ್ಕೆ ಕಟ್ಟು ಹಾಕಿಸಿರಿ ಎಂದು ಮಾಸ್ತರರು ಇವತ್ತೂ ಅಂದರು. ಹಾಕಿಸಿದರೆ ಸತ್ತ ಹರಳಿಗೂ ಒಂದು ಹಾರ ಹಾಕಬೇಕಾಗುತ್ತದೆ ಎಂದೆ. ಮುರಬ್ಬ ಹೇಗೆ ಮಾಡುವುದೆಂದು ಕೇಳಿದರು. ಮೊದಲಾಗಿದ್ದರೆ ಪಟಪಟನೆ ಹೇಳಿಬಿಡುತ್ತಿದ್ದೆ. ಈಗ, ನಿಮ್ಮ ಮನೆಯ ನೀರು ಎಂಥದು ಎಂದು ಕೇಳಿದೆ.

ನಾನು ಹರಳು ಕರಗಿಸಿದ ಮರುದಿನ ಬೆಳಿಗ್ಗೆ ಸುನಂದಾ ಯಾದಗಿರಿಗೆ ಹೋಗಿ ರೈಲು ಹಿಡಿಯಬೇಕಿತ್ತು. ಆಕೆ ಕರೆಯಲಿಲ್ಲ, ನಾನೇ ಬಸ್ಸು ಹತ್ತಿದೆ. ಮುದುಕಿಯೆಂದು ಯಾರೋ ನನಗೆ ಜಾಗ ಬಿಟ್ಟರು. ಆಕೆ ಹೆಗಲಿಗೆ ಚೀಲ, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಮೊದಲ ತಗ್ಗಿಗೇ ಜೋಲಿ ಹೊಡೆದಳು. ನನ್ನ ಮುಖ ನೋಡಿದಳು, ಮುಂದಿನ ರಸ್ತೆ ನೋಡಿದಳು, ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು "ಹಿಡಿ" ಅಂದಳು. ಎರಡೂ ಕೈಯಿಂದ ಹಿಡಿದೆ. ಯಾದಗಿರಿ ಬರುವವರೆಗೆ, ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತಲಿಲ್ಲ.