ಹಲ್ಲು ಕೀಳಲೊಪ್ಪದ ಪ್ರೊಸರ್ ಡಾಕ್ಟರು

ಹಲ್ಲಿನ ಡಾಕ್ಟರು ಬರುತ್ತಾರೆಂದು ಕೇಳಿದ ದಿನ, ವೇಲ್ಸ್ ದೇಶದ ಬೆಟ್ಟವೊಂದರ ಕ್ಷಯದ ಆಸ್ಪತ್ರೆಯಲ್ಲಿ ಮಲಗಿದ್ದ ಮಾರ್ಗೆಡ್ ಕಂಬಳಿಯನ್ನು ಬಾಯಿವರೆಗೆ ಎಳೆದುಕೊಂಡಳು. ಗಟ್ಟಿ ಊಟ ಮಾಡಿದರೇ ಬದುಕುತ್ತೀ ಎಂದು ಎದೆಯ ಡಾಕ್ಟರು ಹೇಳಿದ್ದರು. ಹಲ್ಲುನೋವಿನಿಂದ ಅವಳು ಗಂಜಿ ಕುಡಿದೇ ಸವೆಯುತ್ತಿದ್ದಳು. ಬಂದ ಪ್ರೊಸರ್ ಮಹಾಶಯರು ಇಕ್ಕಳವನ್ನು ಬಿಸಿನೀರಿನಿಂದ ತೆಗೆದು ಎಳೆಗೂಸಿನಂತೆ ಟವೆಲಿನಲ್ಲಿ ಸುತ್ತುವರು, ಕಿತ್ತ ಹಲ್ಲಿಗೂ "ತಪ್ಪು ತಿಳೀಬೇಡಪ್ಪ" ಎನ್ನುವರು. ಅವರು ಅಪಸ್ವರದಲ್ಲಿ ಗುನುಗುವ ಚರ್ಚಿನ ಹಾಡು ಕೇಳಿದರೆ ಹಲ್ಲು ತಾನೇ ಉದುರುತ್ತದೆಂದು ವಾರ್ಡಿನ ಹೆಂಗಸರು ನಗುತ್ತಿದ್ದರು. ಆ ಸೀಮೆಯಲ್ಲಿ ಮದುವೆಗೆ ಮುಂಚೆ ಹುಡುಗಿಯ, ಒಮ್ಮೊಮ್ಮೆ ಹುಡುಗನ, ಹಲ್ಲೆಲ್ಲ ಕೀಳಿಸಿ ಕಟ್ಟುಹಲ್ಲು ಹಾಕಿಸುವುದೇ ಹೆತ್ತವರ ಉಡುಗೊರೆ. "ಎಲ್ಲ ಕಿತ್ತುಬಿಡಿ ಸ್ವಾಮಿ, ನಾಳೆ ಹಲ್ಲಿನ ಖರ್ಚು ಗಂಡನಿಗೆ ಭಾರ ಆಗಬಾರದು," ಎಂದಳು ಮಗಳನ್ನು ನೋಡಲು ಬಂದಿದ್ದ ಮಾರ್ಗೆಡಳ ತಾಯಿ. "ಕೊಳೆತಿರೋದು ಎರಡೇ ಕಣಮ್ಮ. ಎಲ್ಲ ಕಿತ್ರೆ ತಿಂಗಳುಗಟ್ಟಲೆ ಗಂಜಿನೇ ಗತಿ, ಮಗಳು ಉಳಿಯಲ್ಲ," ಎಂದ ಪ್ರೊಸರ್ ತಮ್ಮ ಎರಡು ಸಾಲು ಹಲ್ಲನ್ನೂ ಬಾಯಿಂದ ತೆಗೆದು ಅಂಗೈಯಲ್ಲಿಟ್ಟರು. "ಇದು ನಮ್ಮಮ್ಮನ ಉಡುಗೊರೆ," ಎಂದು ಬೊಚ್ಚುಬಾಯಿ ತೊದಲಿತು. ತಾಯಿ ಮಗಳ ಗಲ್ಲ ಹಿಡಿದು ಬಾಯಿ ತೆರೆಸಿದಳು. ಎರಡೇ ಹಲ್ಲು ಹೋದವು. ರೊಟ್ಟಿ, ಮಾಂಸ ಹೊಟ್ಟೆ ಸೇರಿ ಮಾರ್ಗೆಡಳ ಕೆನ್ನೆ ತುಂಬಿಕೊಂಡಿತು. ಗುಣವಾಗಿ ಮನೆಗೆ ಹೊರಟ ದಿನ ಪ್ರೊಸರ್ ಅವಳ ಕೈಗೊಂದು ಸೇಬು ಕೊಟ್ಟು, "ಜೋರಾಗಿ ಕಚ್ಚವ್ವ, ಆ ಸದ್ದು ನಾನು ಕೇಳಬೇಕು," ಎಂದರು.