ಅಂಕಿಗೆ ಬಿಟ್ಟ ಜಾಗ

ನನ್ನ ಚಿಕ್ಕಮ್ಮನ ಬೆರಳುಗಳಿಗೆ ಸುಮ್ಮನಿರುವುದೇ ಗೊತ್ತಿಲ್ಲ. ಅವಳು ಕೋರ್ಟಿನಲ್ಲಿ ಸ್ಟೆನೋ. ನ್ಯಾಯಾಧೀಶರು ಹೇಳಿದ್ದನ್ನು ಬರೆದುಕೊಂಡು ತೀರ್ಪು ಟೈಪ್ ಮಾಡುವುದು ಕೆಲಸ. ಮನೆಯಲ್ಲಿ ನಾವು ಜಗಳವಾಡಿದರೂ ಅವಳ ಬೆರಳು ಕುರ್ಚಿಯ ಕೈ ಮೇಲೆ ಟಕಟಕ ಎನ್ನುತ್ತವೆ. "ಹುಷಾರು, ರೆಕಾರ್ಡ್ ಆಗ್ತಿದೆ" ಎಂದು ಅಪ್ಪ ರೇಗಿಸುತ್ತಾರೆ.

ಶಿಕ್ಷೆಯ ಮಾತು ಬಂದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಪಕ್ಷ. ಭಯವಿಲ್ಲದಿದ್ದರೆ ಜನ ತಲೆ ಮೇಲೆ ಕೂರುತ್ತಾರೆ ಎನ್ನುವುದು ಅಪ್ಪ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಅಜ್ಜಿ. ಎಷ್ಟಾದರೂ ಕೊಡಲಿ, ಒಂದೇ ತಪ್ಪಿಗೆ ಒಂದೇ ಅಳತೆ ಇರಲಿ ಎನ್ನುವುದು ಚಿಕ್ಕಮ್ಮ. ಅವಳ ಹಟಕ್ಕೆ ಕಾರಣವಿತ್ತು. ಅವಳ ಸಾಹೇಬರು ಆದೇಶವನ್ನು ಪೂರ್ತಿ ಬರೆಸಿ, ಎಷ್ಟು ವರ್ಷ ಎಂಬಲ್ಲಿ ಮಾತ್ರ ಜಾಗ ಬಿಡಿಸುತ್ತಿದ್ದರು. ನೊಂದ ಮನೆಯವರ ಮಾತು ಕೇಳಿದ ಮೇಲೆ ಅಂಕಿ ಹೇಳುತ್ತಿದ್ದರು. ಚೆನ್ನಾಗಿ ಮಾತಾಡಬಲ್ಲವರು ಅತ್ತುಹೋದ ದಿನ ಅಂಕಿ ಏರುತ್ತಿತ್ತು. ಹೇಳಿಕೊಳ್ಳಲು ಯಾರೂ ಇಲ್ಲದವನು ಸತ್ತಿದ್ದರೆ ಇಳಿಯುತ್ತಿತ್ತು. "ಸತ್ತೋರಿಗೂ ವಶೀಲಿ ಬೇಕು ನೋಡು" ಎಂದು ಚಿಕ್ಕಮ್ಮ ಗೊಣಗುತ್ತಿದ್ದಳು.

ಹೀಗಿರುವಾಗ ಅವಳ ತಮ್ಮ, ಬೀಗ ರಿಪೇರಿ ಮಾಡಿಕೊಂಡಿದ್ದ ನನ್ನ ಸೋದರಮಾವ, ತೀರಿಕೊಂಡ. ಫೋನ್ ನೋಡುತ್ತ ಲಾರಿ ಓಡಿಸುತ್ತಿದ್ದವನೊಬ್ಬ ಅವನ ಸ್ಕೂಟರಿಗೆ ಗುದ್ದಿದ್ದ. ಪಕ್ಕದ ಕೋರ್ಟ್ ಹಾಲಿನಲ್ಲಿ ಅಪರಾಧ ಸಾಬೀತಾಯಿತು. ಅಲ್ಲೂ ಶಿಕ್ಷೆ ಎಷ್ಟೆಂದು ನಿರ್ಧರಿಸುವ ಮುಂಚೆ ನಮ್ಮ ಮನೆಯಿಂದ ಒಬ್ಬರು ಮಾತಾಡಬಹುದಿತ್ತು.

ಮಗನನ್ನು ಕಳೆದುಕೊಂಡ ಅಜ್ಜಿ ಚಿಕ್ಕಮ್ಮನ ಕೈ ಹಿಡಿದು, "ನಿನಗೆ ಅಲ್ಲಿನ ಒಳಗೂ ಹೊರಗೂ ಗೊತ್ತು. ಅವನು ಜೈಲಲ್ಲಿ ಕೊಳೀಬೇಕು. ಹಾಗೆ ಮಾತಾಡು" ಎಂದಳು.

ಚಿಕ್ಕಮ್ಮ ಹೂಂ ಎಂದಳು. ಅವಳಿಗೂ ಹೊಟ್ಟೆ ಉರಿಯುತ್ತಿತ್ತು. ಯಾವ ಮಾತಿಗೆ ಅಂಕಿ ಏರುತ್ತದೆಂಬುದಂತೂ ಬಾಯಿಪಾಠವಾಗಿತ್ತು.

ಆ ದಿನ ನಾನೂ ಹೋಗಿದ್ದೆ. ಲಾರಿಯವನು ತಲೆ ತಗ್ಗಿಸಿ ನಿಂತಿದ್ದ. ನ್ಯಾಯಾಧೀಶರ ಕೆಳಗೆ ಕೂತ ಸ್ಟೆನೋ, ಚಿಕ್ಕಮ್ಮನ ಗೆಳತಿ, ಬರೆದುಕೊಳ್ಳಲು ಸಿದ್ಧಳಾಗಿ ಕಾಯುತ್ತಿದ್ದಳು. ಕಟಕಟೆ ಹತ್ತಿದ ಚಿಕ್ಕಮ್ಮ ಅವಳ ಬೆರಳುಗಳನ್ನೇ ನೋಡಿದಳು. ಕೊನೆಗೆ, "ಅಳೋಕೆ ಯಾರೂ ಇಲ್ಲದ ಒಬ್ಬನನ್ನ ಇವನು ಹೀಗೇ ಸಾಯಿಸಿದ್ದಿದ್ರೆ ಎಷ್ಟು ಕೊಡ್ತಿದ್ರೋ, ನನ್ನ ತಮ್ಮನ ಸಾವಿಗೂ ಅಷ್ಟೇ ಕೊಡಿ ಸ್ವಾಮಿ" ಎಂದು ಕೆಳಗಿಳಿದಳು.

ಶಿಕ್ಷೆ ನಾವಂದುಕೊಂಡದ್ದಕ್ಕಿಂತ ಕಡಿಮೆಯೇ ಬಂತು.

ಅಜ್ಜಿ ಅವಳೊಂದಿಗೆ ಮಾತು ಬಿಟ್ಟಳು. ನನಗೂ ಸಿಟ್ಟು ಬಂದಿತ್ತು. ನ್ಯಾಯ ಹೇಳಲು ಇವಳಿಗೆ ಸ್ವಂತ ತಮ್ಮನೇ ಬೇಕಿತ್ತೇ ಎನಿಸಿತ್ತು. ಒಂದು ದಿನ ಊಟಕ್ಕೆ ಕೂತಾಗ ಅಜ್ಜಿಯೇ ತಡೆಯಲಾರದೆ, "ಅವನ ಬಗ್ಗೆ ಹೇಳೋಕೆ ನಿನಗೆ ಒಂದು ಮಾತೂ ಇರಲಿಲ್ವಾ?" ಎಂದಳು.

ಚಿಕ್ಕಮ್ಮನ ಬೆರಳು ನಿಂತವು. "ಇತ್ತಮ್ಮ. ಊರಿನ ಬೀಗವೆಲ್ಲ ತೆಗೀತಿದ್ದೋನು ತನ್ನ ಮನೆ ಕೀಲಿ ಕಳ್ಕೊಂಡು ಬಂದು ನಿನ್ನ ಕಿಟಕಿ ಬಡೀತಿದ್ನಲ್ಲ, ಅದನ್ನೇ ಹೇಳ್ಬೇಕು ಅಂತ ಹೋಗಿದ್ದೆ. ಹೇಳಿದ್ರೆ ಇನ್ನೊಂದು ವರ್ಷ ಜಾಸ್ತಿ ಬರ್ತಿತ್ತು, ನನಗೆ ಗೊತ್ತು. ಅವನನ್ನ ತಕ್ಕಡೀಲಿ ಹಾಕೋಕೆ ಮನಸ್ಸು ಬರಲಿಲ್ಲ."

ಹೇಳುತ್ತಲೇ ಅತ್ತಳು. ಮಾವ ಹೋದಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಕ್ಷಮಿಸಿದಳೆಂದು ನನಗನಿಸಲಿಲ್ಲ.

"ಕಿಟಕಿ ಅಲ್ಲ, ಹಿತ್ತಲ ಬಾಗಿಲು ಬಡೀತಿದ್ದ" ಎಂದು ತಿದ್ದಿದಳು. "ಈಗ ಹೇಳು. ನಾನು ಕೇಳ್ತೀನಿ."